ಮುತ್ತು ಕೊಟ್ಟ ಕಡಲು, ನೀರು ಕೊಡುವ ಕಡಲು

ಗಲ್ಫ್ ಎಂದರೆ ಊರಿನವರಿಗೆ ಮರಳು ಮತ್ತು ಎಣ್ಣೆ. ಆದರೆ ಆ ಪದದ ಅರ್ಥವೇ ಕೊಲ್ಲಿ. ಎಣ್ಣೆ ಸಿಗುವ ಮೊದಲು ಈ ನಾಡುಗಳಿಗೆ ಅನ್ನ ಕೊಟ್ಟದ್ದು ಈ ಕಡಲು.

ಈ ಕೊಲ್ಲಿಯ ಸರಾಸರಿ ಆಳ ಸುಮಾರು 35 ಮೀಟರ್ ಮಾತ್ರ. ಮಹಾಸಾಗರಕ್ಕೆ ಇರುವ ದಾರಿ ಹೊರ್ಮುಜ್ ಜಲಸಂಧಿಯೊಂದೇ. ಬಿಸಿಲಿಗೆ ನೀರು ಆವಿಯಾಗುವುದು ಹೆಚ್ಚು, ನದಿ ನೀರು ಸೇರುವುದು ಕಡಿಮೆ. ಹಾಗಾಗಿ ಮಂಗಳೂರಿನ ಕಡಲಿಗಿಂತ ಇಲ್ಲಿ ಉಪ್ಪು ಜಾಸ್ತಿ. ಆದರೂ ಈ ಬೆಚ್ಚಗಿನ ತಳದಲ್ಲಿ ಹವಳ, ಕಡಲಹುಲ್ಲು, ಅದನ್ನು ಮೇಯುವ ಕಡಲಹಸು, ಮುತ್ತಿನ ಚಿಪ್ಪು ಎಲ್ಲವೂ ಬೆಳೆದವು. ಅಬುಧಾಬಿಯ ಮರವಾಹ್ ದ್ವೀಪದಲ್ಲಿ ಸಿಕ್ಕ ಒಂದು ಮುತ್ತು ಸುಮಾರು 8000 ವರ್ಷ ಹಳೆಯದು.

ಈ ಕಡಲಿಗೂ ನಮಗೂ ಹಳೆಯ ನಂಟಿದೆ. ವಿಜಯನಗರದ ಕಾಲದಲ್ಲಿ ಹೊರ್ಮುಜ್‌ನಿಂದ ಭಟ್ಕಳಕ್ಕೆ ಕುದುರೆಗಳು ಬರುತ್ತಿದ್ದವು, ಭಟ್ಕಳದಿಂದ ಅಕ್ಕಿ, ಸಕ್ಕರೆ ಹೋಗುತ್ತಿದ್ದವು. ಮುಂದೆ ಇಲ್ಲಿನ ಮುತ್ತುಗಳಿಗೆ ಮುಂಬೈ ದೊಡ್ಡ ಪೇಟೆಯಾಯಿತು.

ಮುತ್ತಿನ ಕೆಲಸ ಬೇಸಿಗೆಯ ಸುಮಾರು ನಾಲ್ಕು ತಿಂಗಳು. ಮೂಗಿಗೆ ಕ್ಲಿಪ್ಪು, ಕಾಲಿಗೆ ಕಲ್ಲು ಕಟ್ಟಿಕೊಂಡು ಒಬ್ಬ ಮುಳುಗುತ್ತಿದ್ದ; ಇನ್ನೊಬ್ಬ ಹಗ್ಗ ಹಿಡಿದು ಮೇಲೆಳೆಯುತ್ತಿದ್ದ. ದೋಣಿಯ ನಾಯಕ ನಖೂದಾ. ಸಂಬಳವಿಲ್ಲ, ಪಾಲು ಮಾತ್ರ. ಹೊರಡುವ ಮೊದಲು ಮನೆಖರ್ಚಿಗೆ ಮುಂಗಡ ಸಿಗುತ್ತಿತ್ತು. ಪಾಲು ಸಾಲದಿದ್ದರೆ ಮುಂಗಡವೇ ಸಾಲವಾಗಿ, ಅಪ್ಪ ಸತ್ತರೆ ಮಗನ ತಲೆಗೆ ಬರುತ್ತಿತ್ತು. ಸಾಲ ಮಾಡಿ ವೀಸಾ ಪಡೆದು ಬಂದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಚಿಪ್ಪಿನ ದಿಬ್ಬಗಳಿಗೆ ಮಾತ್ರ ಒಳ್ಳೆಯ ಕಾವಲಿತ್ತು. ಅವು ಒಬ್ಬರ ಆಸ್ತಿಯಲ್ಲ, ಕರಾವಳಿಯ ಅರಬ್ಬರೆಲ್ಲರಿಗೂ ಸೇರಿದ್ದವು. ಯಂತ್ರದ ಉಡುಪು ತೊಟ್ಟು ಮುಳುಗಲು ಹೊರಗಿನ ಕಂಪನಿಗಳಿಗೆ ಅವಕಾಶ ಕೊಡಲಿಲ್ಲ. ಚಳಿಗಾಲದಲ್ಲಿ ದಿಬ್ಬಗಳಿಗೆ ವಿಶ್ರಾಂತಿ ಸಿಗುತ್ತಿತ್ತು. ಮುಳುಗುವವನಿಗೆ ಇಂಥ ಕಾವಲು ಬಂದದ್ದು ಬಹಳ ತಡವಾಗಿ. 1920ರ ದಶಕದಲ್ಲಿ ಬಹ್ರೇನ್‌ನಲ್ಲಿ ಪ್ರತಿಯೊಬ್ಬನಿಗೂ ಅವನ ಸಾಲದ ಲೆಕ್ಕಪುಸ್ತಕ ಕೊಡಬೇಕೆಂಬ ನಿಯಮ ಬಂತು.

ಅಷ್ಟರಲ್ಲಿ ಜಪಾನಿನ ಕೃಷಿ ಮುತ್ತು ಮಾರುಕಟ್ಟೆಗೆ ಬಂದಿತ್ತು. 1929ರ ಆರ್ಥಿಕ ಕುಸಿತವೂ ಸೇರಿ ವ್ಯಾಪಾರ ನೆಲಕಚ್ಚಿತು. 1932ರಲ್ಲಿ ಬಹ್ರೇನ್‌ನಲ್ಲಿ, 1938ರಲ್ಲಿ ಕುವೈತ್ ಮತ್ತು ಸೌದಿಯಲ್ಲಿ ಎಣ್ಣೆ ಸಿಕ್ಕಿತು. ಮುಳುಗುತ್ತಿದ್ದವರಲ್ಲಿ ಅನೇಕರು ಎಣ್ಣೆ ಕಂಪನಿಗಳ ಕೂಲಿಗಳಾದರು. ಅವರ ನಂತರದ ಸಾಲಿನಲ್ಲಿ ನಾವು ಬಂದೆವು.

ಈಗ ಈ ಕಡಲು ಕೊಡುತ್ತಿರುವುದು ನೀರು. ನಮ್ಮ ನಲ್ಲಿಗಳಲ್ಲಿ ಬರುವುದು ಬಹುಪಾಲು ಉಪ್ಪು ತೆಗೆದ ಸಮುದ್ರದ ನೀರೇ. ಉಳಿದ ಬಿಸಿ ಉಪ್ಪುನೀರು ಮತ್ತೆ ಕಡಲಿಗೇ ಹೋಗುತ್ತದೆ. 1978ರಲ್ಲಿ ಇರಾನ್, ಇರಾಕ್ ಸೇರಿ 8 ದೇಶಗಳು ಈ ಕಡಲನ್ನು ಕಾಪಾಡಲು ಕುವೈತ್‌ನಲ್ಲಿ ಒಪ್ಪಂದ ಮಾಡಿಕೊಂಡವು. ಆದರೂ 1991ರ ಯುದ್ಧದಲ್ಲಿ ಲಕ್ಷಾಂತರ ಬ್ಯಾರೆಲ್ ಎಣ್ಣೆ ಕಡಲು ಸೇರಿತು. ಸೌದಿಯ ಜುಬೈಲ್ ನೀರಿನ ಸ್ಥಾವರಕ್ಕೆ ಅದು ನುಗ್ಗದಂತೆ ತೇಲುವ ತಡೆಗಳನ್ನು ಕಟ್ಟಬೇಕಾಯಿತು. 2017ರ ಬಿಸಿಗೆ ಅಬುಧಾಬಿಯ ಹವಳಗಳು ಬಿಳಿಚಿ ಸತ್ತವು.

ಊರಿನಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳು ದಡದಲ್ಲೇ ಇರುತ್ತವೆ. ಮೀನು ಮರಿ ಹಾಕಲಿ ಎಂದು ನಾವು ಕಾಯುತ್ತೇವೆ. ಎಮಿರೇಟ್ಸ್‌ನಲ್ಲೂ ಶೇರಿ, ಸಾಫಿ ಮೀನುಗಳಿಗೆ ಮಾರ್ಚ್, ಏಪ್ರಿಲ್‌ನಲ್ಲಿ ಇಂಥದೇ ನಿಷೇಧ ಜಾರಿಗೆ ಬಂದಿದೆ. ಆಗ ಆ ಮೀನು ಕೇಳದಿರುವುದು, ಹಳೆಯ ಮಾತ್ರೆ, ಸಿರಪ್ಪುಗಳನ್ನು ಸಿಂಕಿಗೆ ಸುರಿಯದೆ ಫಾರ್ಮಸಿಯಲ್ಲಿ ವಿಚಾರಿಸುವುದು ನಮ್ಮ ಕೈಯಲ್ಲೇ ಇದೆ. ವೀಸಾ ಮುಗಿದರೆ ನಾವು ಹೊರಡುವವರೇ. ಆದರೆ ಇಲ್ಲಿರುವಷ್ಟು ದಿನ ನಮ್ಮ ಮಕ್ಕಳು ಕುಡಿಯುವುದು ಇದೇ ಕಡಲಿನ ನೀರನ್ನು.