ಪು-ಅರ್ ಚಹಾದ ವಾರ್ಧಕ್ಯ

ಚೀನದ ನೈಋತ್ಯ ಮೂಲೆಯ ಯುನ್ನಾನ್ ಪ್ರಾಂತದಲ್ಲಿ, ಬರ್ಮಾ ಲಾವೋಸ್‌ಗಳ ಗಡಿಗೆ ತಾಗಿದ ಬೆಟ್ಟಗಳಲ್ಲಿ, ನಮ್ಮ ಅಸ್ಸಾಮಿನ ಗಿಡದ ಪ್ರಭೇದಕ್ಕೇ ಸೇರಿದ, ಅಗಲವಾದ ಎಲೆಯ ಚಹಾ ಮರಗಳುಂಟು. ಅವುಗಳ ಎಲೆಯನ್ನು ಬಾಣಲೆಯಲ್ಲಿ ಬಾಡಿಸಿ, ಹೊಸೆದು, ಬಿಸಿಲಿನಲ್ಲಿ ಒಣಗಿಸಿ, ಬಳಿಕ ಆವಿಯಲ್ಲಿ ಮೆದುಗೊಳಿಸಿ ಕಲ್ಲಿನ ಭಾರದಡಿ ಬಿಲ್ಲೆಯಾಗಿ ಒತ್ತಿದರೆ ಹಸಿ ಪು-ಅರ್ ಸಿದ್ಧವಾಗುವುದು. 1729ರಲ್ಲಿ ಚಿಂಗ್ ಪ್ರಭುತ್ವವು ಪು-ಅರ್ ಪಟ್ಟಣವನ್ನು ಆಡಳಿತಕೇಂದ್ರವನ್ನಾಗಿ ಮಾಡಿದ ಮೇಲೆ ಈ ಚಹಾ ಬೀಜಿಂಗಿನ ಅರಮನೆಗೆ ಕಪ್ಪವಾಗಿ ಸಲ್ಲತೊಡಗಿತು. 1735ರ ಕಟ್ಟಳೆಯಂತೆ ಏಳು ಬಿಲ್ಲೆಗಳ ಒಂದು ಕಟ್ಟು ಚೀನೀ ತೂಕದ 49 ಲಿಯಾಂಗ್ ತೂಗಬೇಕಿತ್ತು. ಬಿದಿರಿನ ಹಾಳೆಯಲ್ಲಿ ಸುತ್ತಿದ ಇಂಥ ಕಟ್ಟುಗಳನ್ನು ಹೇಸರಗತ್ತೆಗಳ ಬೆನ್ನಿಗೇರಿಸಿ ಟಿಬೆಟ್ಟಿನವರೆಗೂ ಒಯ್ಯುತ್ತಿದ್ದರು. ಒತ್ತುವ ಪದ್ಧತಿಗೆ ಸಾಗಾಟದ ಸೌಕರ್ಯವೇ ಮುಖ್ಯ ಕಾರಣವೆಂದು ನನ್ನ ಅಭಿಮತ. ರಸಿಕತೆ ತರುವಾಯ ಬಂದುದು.

ಹೊಸ ಬಿಲ್ಲೆಯ ರಸ ಕಹಿ, ಒಗರು. ಬಿಸಿಲಲ್ಲಿ ಒಣಗಿದ ಎಲೆಯಲ್ಲಿ ಜೀವಕ್ರಿಯೆ ಪೂರ್ತಿಯಾಗಿ ನಂದದಿರುವುದರಿಂದ, ಸೂಕ್ಷ್ಮಜೀವಿಗಳೂ ಗಾಳಿಯ ತೇವವೂ ಕೂಡಿ ವರ್ಷಗಟ್ಟಲೆ ಅದನ್ನು ಮಾಗಿಸುತ್ತವೆ. ಹಾಂಗ್‌ಕಾಂಗಿನ ಸೆಕೆಯ ಉಗ್ರಾಣಗಳಲ್ಲಿ ಈ ಮಾಗುವಿಕೆ ಬೇಗ ನಡೆಯುತ್ತಿತ್ತು. ಅಲ್ಲಿನ ಉಪಾಹಾರಗೃಹಗಳಲ್ಲಿ ಹಾಗೆ ಮಾಗಿದ ಚಹಾ ತಿಂಡಿಯ ಜೊತೆಗೆ ದಿನನಿತ್ಯ ಕುಡಿಯುವ ಸಾಮಾನ್ಯ ಪೇಯವಾಗಿತ್ತು. ಆ ಬೇಡಿಕೆಯನ್ನು ಪೂರೈಸಲು ವರ್ಷಗಟ್ಟಲೆ ಕಾಯಲಾರದೆ 1973ರಲ್ಲಿ ಯುನ್ನಾನಿನ ಕುನ್‌ಮಿಂಗ್ ಚಹಾ ಕಾರ್ಖಾನೆಯವರು ಎಲೆಯ ರಾಶಿಗೆ ನೀರು ಚಿಮುಕಿಸಿ, ಕೆಲವೇ ವಾರಗಳಲ್ಲಿ ಹುದುಗಿಸುವ ವಿಧಾನವನ್ನು ರೂಢಿಗೆ ತಂದರು. ಆ ‘ಪಕ್ವ’ ಚಹಾ ಕಪ್ಪಾಗಿ, ಮಣ್ಣಿನ ವಾಸನೆಯುಳ್ಳದ್ದಾಗಿ, ಕುಡಿಯಲು ಸುಖಕರವೇನೋ ಹೌದು. ಹಳೆಯ ಹಸಿ ಚಹಾಕ್ಕೆ ಅದನ್ನು ಸಮವೆನ್ನಲಾರೆ. 1990ರ ದಶಕದಲ್ಲಿ ತೈವಾನಿನ ಸಂಗ್ರಾಹಕರು ಹಾಂಗ್‌ಕಾಂಗಿನ ಹಳೆಯ ದಾಸ್ತಾನನ್ನು ಕೊಂಡೊಯ್ದರು. ಬೆಲೆ ಏರುತ್ತ ಹೋಗಿ, 2007ರಲ್ಲಿ ಕುಸಿದು ಅನೇಕ ವರ್ತಕರನ್ನು ಮುಳುಗಿಸಿತು.

ಚಹಾ ಮಾಡುವ ಕ್ರಮ ಸರಳ. ಬಿಲ್ಲೆಯ ಅಂಚಿನಿಂದ ಮೊಂಡು ಚೂರಿಯನ್ನು ಪದರದ ಗುಂಟ ತೂರಿಸಿ, ಎಲೆ ಪುಡಿಯಾಗದಂತೆ ಏಳು ಗ್ರಾಮಿನಷ್ಟು ಬಿಡಿಸಿ, ನೂರು ಮಿಲಿಲೀಟರಿನ ಮುಚ್ಚಳದ ಪಿಂಗಾಣಿ ಬಟ್ಟಲಿಗೆ ಹಾಕುವುದು. ಕುದಿಯುವ ನೀರನ್ನು ಹೊಯ್ದು ಮೊದಲ ಬಸಿಯನ್ನು ಚೆಲ್ಲುವುದು. ಆಮೇಲೆ ಹತ್ತು ಸೆಕೆಂಡಿಗೊಮ್ಮೆ ಬಸಿದು, ಮುಂದೆ ಮುಂದೆ ಹೊತ್ತನ್ನು ಹೆಚ್ಚಿಸುತ್ತ, ಹತ್ತು ಬಾರಿಯಾದರೂ ಕುಡಿಯುವುದು. ಚೆನ್ನಾಗಿ ಮಾಗಿದ್ದಾದರೆ ಬಣ್ಣ ಕೆಂಪುಗೂಡಿರುತ್ತದೆ, ಕರ್ಪೂರ ಮತ್ತು ಹಳೆಯ ಮರದ ಗಂಧವಿರುತ್ತದೆ, ನುಂಗಿದ ಮೇಲೆ ಗಂಟಲಲ್ಲಿ ಸಿಹಿಯೊಂದು ಮರಳಿ ಬರುತ್ತದೆ. ಬೂಷ್ಟು ವಾಸನೆ ಬಂದರೆ ಅದು ಕೆಟ್ಟ ದಾಸ್ತಾನು. ಹೊದಿಕೆಯ ಕಾಗದವನ್ನು ಯಾರಾದರೂ ಅಚ್ಚುಹಾಕಿಸಬಹುದಾದ್ದರಿಂದ, ಕೊಳ್ಳುವವರು ಅದರ ಮೇಲಣ ಇಸವಿಗೆ ಮರುಳಾಗದೆ, ಒಂದು ಚೂರನ್ನು ಮುರಿಸಿ ಅಲ್ಲಿಯೇ ಕುಡಿದು ನೋಡಿ ದುಡ್ಡು ಕೊಡತಕ್ಕದ್ದು.