ಒಂದು ವರದಿ, ಎರಡು ಹೆಸರು

ಹಾವನೂರು ವರದಿಯ ಹೆಸರು ಕೇಳದ ಇತಿಹಾಸದ ವಿದ್ಯಾರ್ಥಿ ಕರ್ನಾಟಕದಲ್ಲಿ ವಿರಳ; ಅದನ್ನು ಕಣ್ಣಾರೆ ಕಂಡವರು ಇನ್ನೂ ವಿರಳ. ಹುಡುಕಲು ಹೊರಟವರು ಗ್ರಂಥಾಲಯದ ಸೂಚಿಯಲ್ಲಿ ‘ಹಾವನೂರು’ ಎಂದು ನೋಡಿ, ಸಿಗಲಿಲ್ಲವೆಂದು ಮರಳುವುದುಂಟು. ವರದಿ ಅಲ್ಲೇ ಕಪಾಟಿನಲ್ಲಿ ಇದ್ದಿರಲೂಬಹುದು.

ಜನ ಸರ್ಕಾರಿ ವರದಿಗಳನ್ನು ಅಧ್ಯಕ್ಷರ ಹೆಸರಿನಿಂದ ಕರೆಯುತ್ತಾರೆ. ಗ್ರಂಥಾಲಯಕ್ಕೆ ಮಾತ್ರ ಅದರ ಕರ್ತೃ ವ್ಯಕ್ತಿಯಲ್ಲ, ಸರ್ಕಾರ. ಆದ್ದರಿಂದ ಮೊದಲು ರಾಜ್ಯದ ಹೆಸರು, ಆಮೇಲೆ ಆಯೋಗದ ಹೆಸರು: ‘ಕರ್ನಾಟಕ, ಹಿಂದುಳಿದ ವರ್ಗಗಳ ಆಯೋಗ’. ಹಳೆಯ ಸೂಚಿಗಳಲ್ಲಿ ಇದೂ ಇಂಗ್ಲಿಷಿನಲ್ಲೇ ಇರುವುದು ಹೆಚ್ಚು.

ಇನ್ನೊಂದು ತೊಡಕು ರಾಜ್ಯದ ಹೆಸರಿನದೇ. ದೇವರಾಜ ಅರಸು ಸರ್ಕಾರ 1972ರಲ್ಲಿ ಎಲ್. ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ಆಯೋಗ ರಚಿಸಿದಾಗ ಇದು ಮೈಸೂರು ರಾಜ್ಯ. 1975ರಲ್ಲಿ ವರದಿ ಬರುವ ಹೊತ್ತಿಗೆ ಕರ್ನಾಟಕ. ಅದಕ್ಕೂ ಹಿಂದಿನ ನಾಗನಗೌಡ ಸಮಿತಿ, 1918ರ ಮಿಲ್ಲರ್ ಸಮಿತಿಗಳನ್ನು ‘ಮೈಸೂರು’ ಎಂಬಲ್ಲೇ ಹುಡುಕಬೇಕು. ಮಿಲ್ಲರ್ ಸಮಿತಿಯ ಅಧಿಕೃತ ಹೆಸರಿನಲ್ಲಂತೂ ‘ಹಿಂದುಳಿದ’ ಎಂಬ ಮಾತೇ ಇಲ್ಲ. ಸರ್ಕಾರಿ ಸೇವೆಯಲ್ಲಿ ಸಮುದಾಯಗಳ ಪ್ರಾತಿನಿಧ್ಯದ ಮಾತಿದೆ.

ಇಷ್ಟು ಕಷ್ಟಪಟ್ಟು ಮೂಲವನ್ನೇ ಏಕೆ ನೋಡಬೇಕು? ಒಂದು ಲೆಕ್ಕ ನೋಡಿ. ನೌಕರಿಯಲ್ಲಿ ಹಿಂದುಳಿದ ಸಮುದಾಯಗಳಿಗೆ ಶೇ. 16, ಹಿಂದುಳಿದ ಜಾತಿಗಳಿಗೆ ಶೇ. 10, ಹಿಂದುಳಿದ ಬುಡಕಟ್ಟುಗಳಿಗೆ ಶೇ. 6, ಒಟ್ಟು ಶೇ. 32 ಎಂದಿತು ಹಾವನೂರು ಆಯೋಗ. 1977ರ ಸರ್ಕಾರಿ ಆದೇಶದಲ್ಲಿ ಅದು ಶೇ. 40 ಆಯಿತು, ಆಯೋಗದ ಮೂರು ಗುಂಪುಗಳ ಜೊತೆಗೆ ‘ವಿಶೇಷ ಗುಂಪು’ ಎಂಬ ನಾಲ್ಕನೆಯದೂ ಸೇರಿತು. ಶೇ. 40 ಹಾವನೂರರ ಶಿಫಾರಸು ಎನ್ನುವವರು ಆದೇಶವನ್ನು ವರದಿಯ ತಲೆಗೆ ಕಟ್ಟುತ್ತಿದ್ದಾರೆ. ತಜ್ಞರು ಹೇಳಿದ್ದು ಒಂದು, ಸರ್ಕಾರ ಮಾಡಿದ್ದು ಇನ್ನೊಂದು. ಇವೆರಡರ ನಡುವಿನ ಅಂತರದಲ್ಲೇ ರಾಜಕೀಯದ ಇತಿಹಾಸವಿದೆ.

ಹೀಗಾಗಿ ವರದಿ ಕೈಗೆ ಸಿಕ್ಕರೆ ಕೆಲಸ ಮುಗಿಯಲಿಲ್ಲ. ಆಯೋಗಕ್ಕೆ ಸರ್ಕಾರ ಕೇಳಿದ್ದೇನು ಎಂಬುದನ್ನು ಮೊದಲು ಓದಬೇಕು. ಶಿಫಾರಸುಗಳ ಜೊತೆಗೆ ಅನುಬಂಧದ ಕೋಷ್ಟಕಗಳನ್ನೂ, ಸದಸ್ಯರ ಭಿನ್ನಮತದ ಟಿಪ್ಪಣಿಗಳಿದ್ದರೆ ಅವನ್ನೂ ನೋಡಬೇಕು. ಆಮೇಲೆ ಸರ್ಕಾರದ ಆದೇಶ. ಅದು ವರದಿಯೊಳಗೆ ಇರುವುದಿಲ್ಲ. ರಾಜ್ಯಪತ್ರದ ಸಂಪುಟಗಳಲ್ಲೋ ಪತ್ರಾಗಾರದ ಕಡತಗಳಲ್ಲೋ ಹುಡುಕಬೇಕು.

ಮೀಸಲಾತಿಯ ಚರ್ಚೆ ನಮ್ಮಲ್ಲಿ ನಿಂತಿಲ್ಲ. ಮುಂದಿನ ಸಲ ಯಾರಾದರೂ ‘ವರದಿಯಲ್ಲಿ ಹೀಗಿದೆ’ ಎಂದರೆ, ಯಾವ ಪುಟದಲ್ಲಿ ಎಂದು ಕೇಳಿ. ಅದಕ್ಕೂ ಮೊದಲು ಒಮ್ಮೆ ನೀವೇ ಗ್ರಂಥಾಲಯಕ್ಕೆ ಹೋಗಿ ಬನ್ನಿ.