ಸೀಟು ಸಿಕ್ತು, ಮಲಗೋದೆಲ್ಲಿ? ಮೈಸೂರು ವಿಶ್ವವಿದ್ಯಾಲಯದ ಕಥೆ, ಹಾಸ್ಟೆಲ್ ಬಾಗಿಲಿನಿಂದ

ಈ ಸಲದ ಎಪಿಸೋಡ್ ಹುಟ್ಟಿದ್ದು ಒಂದು ಫೋನ್ ಕರೆಯಿಂದ. ನಮ್ಮೂರು ರಾಯಚರ್ಲು, ಪಾವಗಡ ತಾಲ್ಲೂಕು. ನಮ್ಮ ಚಿಕ್ಕಪ್ಪನ ಮಗಳಿಗೆ ದೂರದ ಒಂದು ವಿಶ್ವವಿದ್ಯಾಲಯದಲ್ಲಿ ಎಂ.ಕಾಂ ಸೀಟು ಸಿಕ್ಕಿತ್ತು. ಯಾವ ವಿಶ್ವವಿದ್ಯಾಲಯ ಅಂತ ಹೇಳಲ್ಲ, ಬೇಡ. ಮನೇಲಿ ಎಲ್ಲರೂ ಖುಷಿಯಾಗಿರ್ತಾರೆ ಅಂತ ನಾನಂದ್ಕೊಂಡ್ರೆ, ಚಿಕ್ಕಪ್ಪ ಫೋನ್ ಮಾಡಿ ಕೇಳಿದ್ದು ಇಷ್ಟೇ: "ಸೀಟು ಬಂತು, ಸರಿ ನಾಯ್ನಾ. ಹಾಸ್ಟೆಲ್ ಲಿಸ್ಟಲ್ಲಿ ಮಗು ಹೆಸರಿಲ್ಲ. ಅವಳು ಮಲಗೋದೆಲ್ಲಿ, ಉಣ್ಣೋದೆಲ್ಲಿ? ಮೊದ್ಲು ಅದು ಹೇಳು."

ನನ್ನ ಹತ್ರ ಉತ್ತರ ಇರಲಿಲ್ಲ. ಆಮೇಲೆ ಓದ್ತಾ ಹೋದಾಗ ಗೊತ್ತಾಯ್ತು, ಈ ಪ್ರಶ್ನೆ ನೂರು ವರ್ಷ ಹಳೇದು. ಮೈಸೂರು ವಿಶ್ವವಿದ್ಯಾಲಯದ ಇತಿಹಾಸವನ್ನ ರಾಜರು, ದಿವಾನರು, ಕಟ್ಟಡಗಳು ಅಂತ ಹೇಳೋದು ರೂಢಿ. ನಾನು ಊಟದ ತಟ್ಟೆ ಕಡೆಯಿಂದ ಹೇಳ್ತೀನಿ.

1916ಕ್ಕೆ ಮೊದಲು ಮೈಸೂರು ಸಂಸ್ಥಾನದಲ್ಲಿ ಕಾಲೇಜುಗಳಿದ್ದವು, ಆದರೆ ವಿಶ್ವವಿದ್ಯಾಲಯ ಇರಲಿಲ್ಲ. ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಎರಡೂ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಪಾಠ ಇಲ್ಲಿ, ಪಠ್ಯ ಮತ್ತು ಪರೀಕ್ಷೆಯ ತೀರ್ಮಾನ ಅಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರಿಗೆ ಇದು ಸರಿ ಕಾಣಲಿಲ್ಲ. ಹೊರದೇಶದ ವಿಶ್ವವಿದ್ಯಾಲಯಗಳನ್ನ ನೋಡ್ಕೊಂಡು ಬರೋಕೆ ಸಿ.ಆರ್. ರೆಡ್ಡಿ ಮತ್ತು ಥಾಮಸ್ ಡೆನ್‌ಹ್ಯಾಮ್ ಅವರನ್ನ ಕಳಿಸಿದ್ರು. ಕೊನೆಗೆ 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾಲಯ ಶುರುವಾಯ್ತು. ಭಾರತದಲ್ಲಿ ಆರನೆಯದು. ಬ್ರಿಟಿಷರ ನೇರ ಆಡಳಿತದ ಹೊರಗೆ, ಒಂದು ಸಂಸ್ಥಾನ ತಾನೇ ಕಟ್ಟಿಕೊಂಡಿದ್ದರಲ್ಲಿ ಮೊದಲನೆಯದು. ಎಚ್.ವಿ. ನಂಜುಂಡಯ್ಯ ಮೊದಲ ಕುಲಪತಿ. ಎರಡೇ ವರ್ಷಕ್ಕೆ ರಾಧಾಕೃಷ್ಣನ್ ಬಂದು ತತ್ವಶಾಸ್ತ್ರ ಕಲಿಸೋಕೆ ಶುರು ಮಾಡಿದ್ರು.

ಇದೆಲ್ಲ ಹೆಮ್ಮೆಯ ವಿಷಯವೇ. ಆದರೆ ನಮ್ಮ ಕಡೆಯ ಹುಡುಗನಿಗೆ ಮದ್ರಾಸೂ ದೂರ, ಮೈಸೂರೂ ದೂರ. ಪಾವಗಡದಿಂದ ತುಮಕೂರೇ ಸುಮಾರು ನೂರು ಕಿಲೋಮೀಟರ್. ರೈಲು ಹತ್ತಬೇಕಂದ್ರೆ ಹಿಂದೂಪುರಕ್ಕೆ ಹೋಗ್ಬೇಕಿತ್ತು. ಸರಿ, ಹೇಗೋ ಹೋದ. ಎಲ್ಲಿ ಉಳ್ಕೊಳ್ತಾನೆ?

ಆಗಿನ ಒಂದು ವ್ಯವಸ್ಥೆ ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ಮನೆ ಹಿಡಿದರೆ ವಾರ ಮುಗೀತು. ಒಂದು ಮನೆಯವರು ಊರಿಗೆ ಹೋದ್ರೆ ಆ ದಿನ ಉಪವಾಸ. ಕೇಳೋಕೆ ಚೆನ್ನಾಗಿದೆ, ಆದರೆ ಇದು ನಡೀತಿದ್ದದ್ದು ಬಹುತೇಕ ಬ್ರಾಹ್ಮಣ ಹುಡುಗರಿಗೆ, ಬ್ರಾಹ್ಮಣ ಮನೆಗಳಲ್ಲಿ. ಬೇರೆ ಜಾತಿಯ ಹುಡುಗ ಯಾರ ಮನೆ ಬಾಗಿಲು ತಟ್ಟಬೇಕು? ಹುಡುಗಿಯರ ಮಾತಂತೂ ಇಲ್ಲವೇ ಇಲ್ಲ. ವಾರಾನ್ನ ಉಂಡು ದೊಡ್ಡವರಾದವರ ಆತ್ಮಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಆ ಮನೆಗಳಿಗೆ ಕಾಲಿಡೋಕೇ ಆಗದೆ ಓದು ಬಿಟ್ಟವರು ಆತ್ಮಕಥೆ ಬರೀಲಿಲ್ಲ.

ಸರ್ಕಾರಿ ಕೆಲಸದಲ್ಲಿ ಬ್ರಾಹ್ಮಣೇತರರು ಯಾಕೆ ಇಷ್ಟು ಕಡಿಮೆ ಅಂತ ನೋಡೋಕೆ 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಗಿದ್ದು ಇದೇ ಕಾಲದಲ್ಲಿ. ಸಮುದಾಯದ ಸಂಘಗಳು, ಮಠಗಳು ತಮ್ಮ ತಮ್ಮ ಹುಡುಗರಿಗೆ ಹಾಸ್ಟೆಲ್ ಕಟ್ಟತೊಡಗಿದ್ವು. ಬೆಂಗಳೂರಲ್ಲಿ ಗೋಪಾಲಸ್ವಾಮಿ ಅಯ್ಯರ್ ದಲಿತ ಹುಡುಗರಿಗಾಗಿ ಹಾಸ್ಟೆಲ್ ನಡೆಸಿದ್ರು. ಜಾತಿಗೊಂದು ಹಾಸ್ಟೆಲ್ ಅಂತ ಇವತ್ತು ನಾವು ಮೂಗು ಮುರೀಬಹುದು. ಅವತ್ತು ಅದಿಲ್ಲದಿದ್ದರೆ ಕಾಲೇಜೇ ಇರಲಿಲ್ಲ.

ಬೆಂಗಳೂರು ರೈಲು ನಿಲ್ದಾಣದ ಹತ್ರ ಗುಬ್ಬಿ ತೋಟದಪ್ಪನವರ ಛತ್ರ ನೀವು ನೋಡಿರ್ತೀರಿ. ನಮ್ಮ ಜಿಲ್ಲೆಯ ಗುಬ್ಬಿಯ ವ್ಯಾಪಾರಿ ಅವರು. 1903ರಲ್ಲಿ ಛತ್ರ ಕಟ್ಟಿಸಿ, ವಿದ್ಯಾರ್ಥಿಗಳಿಗೆ ಉಚಿತ ಹಾಸ್ಟೆಲ್‌ಗೂ ವ್ಯವಸ್ಥೆ ಮಾಡಿದ್ರು. 1927ರಲ್ಲಿ ಸೆಂಟ್ರಲ್ ಕಾಲೇಜಿಗೆ ಸೇರಿದ ಒಬ್ಬ ಹಳ್ಳಿ ಹುಡುಗ ಅಲ್ಲೇ ಉಳ್ಕೊಂಡು ಓದಿದ. ಊರು ಮಾಗಡಿ ಕಡೆಯ ವೀರಾಪುರ. ಓದ್ತಿರುವಾಗಲೇ, 1930ರಲ್ಲಿ ಸನ್ಯಾಸ ತಗೊಂಡು ಸಿದ್ಧಗಂಗೆಗೆ ಬಂದ. ಮುಂದೆ ಅವರೇ ಶಿವಕುಮಾರ ಸ್ವಾಮೀಜಿ. ಅವರ ಮಠದಲ್ಲಿ ಸಾವಿರಾರು ಮಕ್ಕಳು, ಎಲ್ಲ ಜಾತಿಯವರು, ಉಂಡು ಮಲಗಿ ಓದಿದ್ರು. ಉಚಿತ ಹಾಸ್ಟೆಲ್‌ನಲ್ಲಿದ್ದ ಹುಡುಗನೇ ಮುಂದೆ ಅಷ್ಟು ದೊಡ್ಡ ಹಾಸ್ಟೆಲ್ ನಡೆಸಿದ ಅನ್ನೋದನ್ನ ನಾನು ಬಿ.ಕಾಂ ಓದಿದವನ ಲೆಕ್ಕದಲ್ಲಿ ನೋಡ್ತೀನಿ: ತೋಟದಪ್ಪನವರು ಹಾಕಿದ ಬಂಡವಾಳಕ್ಕೆ ಈ ರಾಜ್ಯದಲ್ಲಿ ಯಾರಿಗೂ ಅಷ್ಟು ಬಡ್ಡಿ ಬಂದಿಲ್ಲ. ನಾನು ತುಮಕೂರಲ್ಲಿ ಓದುವಾಗ ತಿಂಗಳ ಕೊನೇಲಿ ದುಡ್ಡು ಮುಗಿದ್ರೆ ಬಸ್ ಹತ್ತಿ ಸಿದ್ಧಗಂಗೆಗೇ ಹೋಗ್ತಿದ್ದೆ. ಯಾರ ಮಗ, ಯಾವ ಕಾಲೇಜು ಅಂತ ಯಾರೂ ಕೇಳ್ತಿರಲಿಲ್ಲ.

ಕುವೆಂಪು ಕಥೆಯೂ ಹೀಗೇ. ಮಲೆನಾಡಿನಿಂದ ಬಂದು ಮೈಸೂರಿನಲ್ಲಿ ಜ್ವರ ಬಿದ್ದ ವಿದ್ಯಾರ್ಥಿ, 1926ರಲ್ಲಿ ರಾಮಕೃಷ್ಣ ಆಶ್ರಮಕ್ಕೆ ಹೋಗಿ ಹತ್ತು ವರ್ಷ ಅಲ್ಲೇ ಇದ್ರು. ವಿಶ್ವವಿದ್ಯಾಲಯ ಹುಟ್ಟಿ ಹನ್ನೊಂದು ವರ್ಷಕ್ಕೆ, 1927ರಲ್ಲಿ, ಕನ್ನಡ ಎಂ.ಎ ಶುರುವಾಯ್ತಲ್ಲ, ಅದರ ಮೊದಲ ತಂಡದಲ್ಲಿ ಅವರಿದ್ರು. ಅವರಿಗೆ ಪಾಠ ಹೇಳಿದ ಟಿ.ಎಸ್. ವೆಂಕಣ್ಣಯ್ಯನವರು ನಮ್ಮ ಪಕ್ಕದ ಚಳ್ಳಕೆರೆ ತಾಲ್ಲೂಕಿನ ತಳುಕಿನವರು. 1956ರಲ್ಲಿ ಕುವೆಂಪು ಅದೇ ವಿಶ್ವವಿದ್ಯಾಲಯದ ಕುಲಪತಿಯಾದ್ರು. ಮಾನಸಗಂಗೋತ್ರಿ ಅನ್ನೋ ಹೆಸರು ಅವರದ್ದೇ. ಕನ್ನಡದಲ್ಲೇ ವಿಜ್ಞಾನ ಕಲಿಸ್ಬೇಕು ಅಂತ ಹಟ ಹಿಡಿದ್ರು. ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಡಿಗ್ರಿಗೆ ಬಂದ ತಕ್ಷಣ ಇಂಗ್ಲಿಷ್, ಹೀಗೆ ಬೆಳೆದ ನಮ್ಮಂಥ ಗಡಿ ಹುಡುಗರಿಗೆ ಆ ಹಟ ಯಾಕೆ ಅಂತ ಬಿಡಿಸಿ ಹೇಳ್ಬೇಕಿಲ್ಲ.

ನನಗೆ ತುಂಬ ಹತ್ತಿರ ಅನ್ಸೋದು ಎಚ್. ನರಸಿಂಹಯ್ಯನವರು. ಊರು ಗೌರಿಬಿದನೂರು ತಾಲ್ಲೂಕಿನ ಹೊಸೂರು, ನಮ್ಮ ಮಧುಗಿರಿಗೆ ಪಕ್ಕದ ಸೀಮೆ. 1935ರಲ್ಲಿ ಹೈಸ್ಕೂಲು ಸೇರೋಕೆ ಬಸ್ ಚಾರ್ಜಿಗೆ ದುಡ್ಡಿಲ್ಲದೆ ಬೆಂಗಳೂರಿಗೆ ನಡ್ಕೊಂಡೇ ಹೋದ್ರು. ಎಂಬತ್ತು ಕಿಲೋಮೀಟರಿಗೂ ಜಾಸ್ತಿ. ಬಡ ಹುಡುಗರಿಗೆ ಅಂತಲೇ ಇದ್ದ ಹಾಸ್ಟೆಲಲ್ಲಿ ಉಳ್ಕೊಂಡ್ರು. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದುವಾಗ 1942ರ ಚಳವಳಿ ಬಂತು, ಓದು ಬಿಟ್ಟು ಜೈಲಿಗೆ ಹೋದ್ರು, ಬಂದು ಓದು ಮುಗಿಸಿದ್ರು. ಅಮೆರಿಕದಲ್ಲಿ ಡಾಕ್ಟರೇಟ್ ಮಾಡಿದ್ರು. 1964ರಲ್ಲಿ ಮೈಸೂರಿನಿಂದ ಬೇರೆಯಾದ ಬೆಂಗಳೂರು ವಿಶ್ವವಿದ್ಯಾಲಯಕ್ಕೆ 1972ರಲ್ಲಿ ಕುಲಪತಿಯಾದ್ರು. ಇಷ್ಟೆಲ್ಲ ಆದಮೇಲೂ ಅವರು ವಾಸವಿದ್ದದ್ದು ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ರೂಮಲ್ಲೇ, ಹುಡುಗರ ಜೊತೆ.

ಅದೇ 1972ರಲ್ಲಿ ದೇವರಾಜ ಅರಸು ಮುಖ್ಯಮಂತ್ರಿಯಾಗಿ, ಹಾವನೂರು ಆಯೋಗ ನೇಮಿಸಿದ್ರು. ಹಿಂದುಳಿದ ವರ್ಗಗಳ ಸರ್ಕಾರಿ ಹಾಸ್ಟೆಲ್‌ಗಳು ತಾಲ್ಲೂಕುಗಳಿಗೆ ಹರಡಿದ್ದು ಅದರ ನಂತರ. 2004ರಲ್ಲಿ ತುಮಕೂರಿಗೇ ಸ್ವಂತ ವಿಶ್ವವಿದ್ಯಾಲಯ ಬಂತು. ಮದ್ರಾಸಿನಿಂದ ಮೈಸೂರು, ಬೆಂಗಳೂರು, ತುಮಕೂರು ಅಂತ ವಿಶ್ವವಿದ್ಯಾಲಯ ನಮ್ಮ ಕಡೆಗೆ ಹತ್ತಿರವಾಗ್ತಾ ಬಂದಿದೆ. ಆದರೂ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕು ತಾಲ್ಲೂಕಿನ ಮಕ್ಕಳು ಡಿಗ್ರಿ ದಾಟಿ ಓದ್ಬೇಕಂದ್ರೆ ಇವತ್ತಿಗೂ ಬಹಳ ಜನ ಊರು ಬಿಡ್ಲೇಬೇಕು.

ಒಂದು ಗಮನಿಸಿದ್ರಾ? ನಾನು ಹೇಳಿದ ಕಥೆಗಳಲ್ಲೆಲ್ಲ ಹುಡುಗರೇ. ನಡ್ಕೊಂಡು ಹೋದವನು, ಆಶ್ರಮದಲ್ಲಿ ಉಳಿದವನು, ಛತ್ರದಲ್ಲಿ ಮಲಗಿದವನು. ನಮ್ಮ ಹುಡುಗಿಗೆ ಈ ಯಾವ ದಾರಿಯೂ ಇಲ್ಲ. ಅವಳಿಗೆ ಬೇಕಾಗಿರೋದು ಗೇಟು, ವಾರ್ಡನ್, ಎರಡು ಹೊತ್ತು ಊಟ ಇರೋ ಒಂದು ರೂಮು.

ರಾಯಚರ್ಲಿನಲ್ಲಿ ಚಿಕ್ಕಪ್ಪನ ಜಮೀನು ಸೋಲಾರ್ ಪಾರ್ಕಿಗೆ ಹೋಗಿದೆ. ಎಕರೆಗೆ ವರ್ಷಕ್ಕೆ 21 ಸಾವಿರದಿಂದ ಶುರುವಾದ ಗುತ್ತಿಗೆ. ಮೊನ್ನೆ ಮತ್ತೆ ಫೋನ್ ಮಾಡಿದ್ರು. ಹಾಸ್ಟೆಲ್ ಎರಡನೇ ಲಿಸ್ಟ್ ಇನ್ನೂ ಬಂದಿಲ್ಲ. "ಪಿ.ಜಿ. ಅಂತಾರಲ್ಲ, ತಿಂಗಳಿಗೆ ಎಷ್ಟಾಗ್ಬಹುದು?" ಅಂದ್ರು. ಹೇಳಿದೆ. ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಆಮೇಲೆ, "ಸರಿ, ಸೋಮವಾರ ನೀನೂ ಬಾ ನಮ್ ಜೊತೆ, ಫೀಸು ಕಟ್ಬಿಟ್ಟು ರೂಮು ಹುಡ್ಕೋಣ" ಅಂದ್ರು.